ಮಿಡ್ಯಿಮ್: ಬಡ ಮಣ್ಣಲ್ಲೇ ಸಿಹಿಯಾಗುವ ಹಣ್ಣಿನ ಪೊದೆ

ಈ ವಾರದ ಬರಹ ಮುಖ್ಯವಾಗಿ ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮ ಓದುಗರಿಗೆ. ಆದ್ರೆ ಇಲ್ಲಿ ಕರ್ನಾಟಕದಲ್ಲಿ ಹಣ್ಣಿನ ಗಿಡ ಬೆಳೆಸುವವರೂ ಕೊನೇವರೆಗೆ ಓದಿ, ನಿಮಗೂ ಕೆಲಸಕ್ಕೆ ಬರುವ ಮಾತು ಇದರಲ್ಲಿದೆ.

ಬ್ರಿಸ್ಬೇನ್, ಗೋಲ್ಡ್ ಕೋಸ್ಟ್, ಸಿಡ್ನಿ ಕಡೆಯ ಕನ್ನಡದವರ ಹಿತ್ತಲಲ್ಲಿ ಸಾಮಾನ್ಯವಾಗಿ ಏನಿರುತ್ತೆ? ಕರಿಬೇವು, ನುಗ್ಗೆ, ಬಸಳೆ, ಒಂದೆರಡು ಬಾಳೆ. ಜಾಗ ಇದ್ರೆ ಮಾವು, ಸೀಬೆ. ಎಲ್ಲವೂ ಊರಿನ ನೆನಪಿನ ಗಿಡಗಳು, ಅದು ಸಹಜ. ಆದ್ರೆ ಆ ನೆಲದ್ದೇ ಆದ ಹಣ್ಣು ಯಾವುದು, ಅದನ್ನ ಹಿತ್ತಲಲ್ಲಿ ಬೆಳೆಸೋಕಾಗುತ್ತಾ ಅಂತ ಕೇಳುವವರು ಈಗೀಗ ಹೆಚ್ಚುತ್ತಿದ್ದಾರೆ. ಅವರಿಗೆ ನಾನು ಮೊದಲು ಹೇಳುವ ಹೆಸರು ಮಿಡ್ಯಿಮ್.

ನೇರಳೆಯ ಬಿಳಿ ತಂಗಿ

ಮಿಡ್ಯಿಮ್‌ನ ಸಸ್ಯಶಾಸ್ತ್ರೀಯ ಹೆಸರು ಆಸ್ಟ್ರೊಮಿರ್ಟಸ್ ಡಲ್ಸಿಸ್. ಡಲ್ಸಿಸ್ ಅಂದ್ರೆ ಲ್ಯಾಟಿನ್‌ನಲ್ಲಿ ಸಿಹಿ. ಮಿಡ್ಯಿಮ್ ಅನ್ನೋದು ಆ ಕರಾವಳಿಯ ಮೂಲನಿವಾಸಿಗಳಾದ ಬಂಜಲಂಗ್ ಜನರ ಭಾಷೆಯಿಂದ ಬಂದ ಪದ. ಬಿಳಿಯರು ಬರುವ ಎಷ್ಟೋ ಕಾಲದ ಮುಂಚಿನಿಂದ ಕರಾವಳಿಯ ಜನ ಈ ಹಣ್ಣನ್ನ ಕಿತ್ತು ತಿಂತಿದ್ರು.

ಇದು ಮಿರ್ಟೇಸಿ ಕುಟುಂಬದ ಗಿಡ. ನಮ್ಮ ನೇರಳೆ, ಸೀಬೆ (ಉತ್ತರ ಕರ್ನಾಟಕದವರ ಪೇರಲ), ಪನ್ನೇರಳೆ, ಲವಂಗ, ಕೊನೆಗೆ ನಮ್ಮ ಜಮೀನುಗಳನ್ನ ಹಿಂಡಿದ ನೀಲಗಿರಿ, ಎಲ್ಲವೂ ಇದೇ ಕುಟುಂಬದವು. ಮಿಡ್ಯಿಮ್ ಹೂವನ್ನ ಹತ್ತಿರದಿಂದ ನೋಡಿದ್ರೆ ಸೀಬೆ ಹೂವನ್ನೇ ಕಿರಿದು ಮಾಡಿದ ಹಾಗೆ ಕಾಣುತ್ತೆ. ಐದು ಬಿಳಿ ಎಸಳು, ನಡುವೆ ಕೇಸರಗಳ ಗೊಂಚಲು.

ಪೊದೆ ಹಿತ್ತಲಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಮೀಟರ್ ಎತ್ತರ, ಒಂದು ಮೀಟರಿಗೂ ಹೆಚ್ಚು ಅಗಲ ಹರಡುತ್ತೆ. ನೆರಳಲ್ಲಿ ಇನ್ನೂ ಸ್ವಲ್ಪ ಉದ್ದ ಆಗುತ್ತೆ. ಎಲೆ ಚಿಕ್ಕದು. ಚಿಗುರೆಲೆ ರೇಷ್ಮೆಯಂಥ ರೋಮ ಹೊದ್ದು ತಾಮ್ರ-ಗುಲಾಬಿ ಬಣ್ಣದಲ್ಲಿರುತ್ತೆ. ಹಣ್ಣಿಲ್ಲದಿದ್ರೂ ಅಂದಕ್ಕೆ ಅಂತಲೇ ಇದನ್ನ ಬ್ರಿಸ್ಬೇನ್‌ನ ಉದ್ಯಾನಗಳಲ್ಲಿ, ರಸ್ತೆ ಪಕ್ಕದಲ್ಲಿ ನೆಡ್ತಾರೆ.

ಹಣ್ಣು ಸುಮಾರು ಒಂದು ಸೆಂಟಿಮೀಟರ್ ದಪ್ಪ. ಬಿಳಿ ಮೈ ಮೇಲೆ ನೇರಳೆ-ಬೂದು ಬಣ್ಣದ ಚುಕ್ಕಿ ಚುಕ್ಕಿ. ಒಳಗೆ ಮೆತ್ತಗಿನ ತಿರುಳು, ಕೆಲವು ಸಣ್ಣ ಬೀಜ. ರುಚಿ ಸಿಹಿ, ಹಿಂದೆಯೇ ಶುಂಠಿ-ದಾಲ್ಚಿನ್ನಿ ನೆನಪಿಸುವ ಒಂದು ಸಣ್ಣ ಮಸಾಲೆ ಘಮ. ಸಿಪ್ಪೆ ಬಹಳ ತೆಳು, ಕಿತ್ತ ಮೇಲೆ ಹೆಚ್ಚು ದಿನ ತಾಳಲ್ಲ, ಸಾಗಾಟ ತಡೆಯಲ್ಲ. ಅದಕ್ಕೇ ಸೂಪರ್ ಮಾರ್ಕೆಟ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ. ತಿನ್ನಬೇಕು ಅಂದ್ರೆ ಬೆಳೆಸಲೇಬೇಕು. ಹಿತ್ತಲಿಗಂತಲೇ ಇರುವ ಹಣ್ಣು ಅನ್ನಬಹುದು.

ಊರು ನೋಡಿ ಗಿಡ ಬೆಳೆಸಿ

ಹೊಸ ಗಿಡ ತಂದಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ 'ಇದಕ್ಕೆ ಏನು ಗೊಬ್ಬರ ಹಾಕ್ಬೇಕು?' ಅಂತ. ಮಿಡ್ಯಿಮ್ ವಿಷಯದಲ್ಲಿ ಅದಕ್ಕೂ ಮೊದಲು ಕೇಳಬೇಕಾದ್ದು 'ಇದರ ಊರು ಯಾವುದು?' ಅಂತ.

ಕ್ವೀನ್ಸ್‌ಲ್ಯಾಂಡ್‌ನ ಕೆ'ಗಾರಿ ದ್ವೀಪದಿಂದ (ಮೊದಲು ಫ್ರೇಸರ್ ಐಲ್ಯಾಂಡ್ ಅಂತಿದ್ರು, 2023ರಲ್ಲಿ ಮೂಲ ಹೆಸರು ಅಧಿಕೃತವಾಗಿ ವಾಪಸ್ ಬಂತು) ದಕ್ಷಿಣಕ್ಕೆ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದ ಕರಾವಳಿಯವರೆಗೆ ಇದರ ಸೀಮೆ. ಕೆ'ಗಾರಿ ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ, 1992ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಈ ಇಡೀ ಕರಾವಳಿಯಲ್ಲಿ ಮರಳಿನ ಮೇಲೆ ಬೆಳೆದ ಕುರುಚಲು ಪೊದೆಗಳ ಬಯಲಿಗೆ ಅಲ್ಲಿನವರು 'ವಾಲಮ್' ಅಂತಾರೆ. ವಾಲಮ್ ಅನ್ನೋದು ಅಲ್ಲಿ ಬೆಳೆಯುವ ಒಂದು ಬ್ಯಾಂಕ್ಸಿಯಾ ಗಿಡಕ್ಕೆ ಸ್ಥಳೀಯ ಮೂಲನಿವಾಸಿಗಳ ಹೆಸರು, ಅದೇ ಇಡೀ ಬಯಲಿಗೂ ಬಂತು.

ವಾಲಮ್‌ನ ನೆಲ ಹೇಗಿರುತ್ತೆ ಅಂದ್ರೆ, ಬಹುಪಾಲು ಬರೀ ಮರಳು. ಸಾವಿರಾರು ವರ್ಷಗಳ ಮಳೆ ಆ ಮರಳಿನಲ್ಲಿದ್ದ ಪೋಷಕಾಂಶಗಳನ್ನ ತೊಳೆದು ಕೆಳಗಿಳಿಸಿದೆ. ಮಣ್ಣು ಆಮ್ಲೀಯ. ಎಲೆ-ಬೇರು ಕೊಳೆತ ರಸ ಸೇರಿ ಹಳ್ಳದ ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತೆ. ರಂಜಕವಂತೂ ತೀರಾ ಕಡಿಮೆ. ನಮ್ಮ ಲೆಕ್ಕದಲ್ಲಿ ಅದು ಯಾವ ಬೆಳೆಗೂ ಬಾರದ ಪಾಳು ನೆಲ. ಆದ್ರೆ ವಸಂತದಲ್ಲಿ ಅದೇ ನೆಲ ಹೂವಿನಿಂದ ತುಂಬಿ ಹೋಗುತ್ತೆ. ಅಲ್ಲಿನ ಗಿಡಗಳು ಆ ಬಡತನಕ್ಕೇ ಹೊಂದಿಕೊಂಡು ಬೆಳೆದಿವೆ. ಬ್ಯಾಂಕ್ಸಿಯಾದಂಥವು ಕುಂಚದ ಹಾಗೆ ಒತ್ತೊತ್ತಾದ ಬೇರು ಬಿಟ್ಟು, ಮಣ್ಣಿನ ಕಣಕಣದಿಂದ ರಂಜಕ ಬಿಡಿಸಿಕೊಳ್ತವೆ. ಮಿಡ್ಯಿಮ್ ಕುಟುಂಬದ ಗಿಡಗಳು ಬೇರಿಗಂಟಿ ಬದುಕುವ ಶಿಲೀಂಧ್ರಗಳ ಜೊತೆ ಕೊಡು-ಕೊಳ್ಳುವಿಕೆ ಮಾಡ್ಕೊಂಡು ಬದುಕ್ತವೆ.

ಈಗ ಇಂಥ ಗಿಡವನ್ನ ತಂದು, ಹಾಗಲ-ಬದನೆಗೆ ತಯಾರು ಮಾಡಿದ ಪಾತಿಯಲ್ಲಿ ನೆಟ್ಟರೆ?

ಬ್ರಿಸ್ಬೇನ್‌ನಲ್ಲಿರುವ ನನ್ನ ಭಾವ ಹಾವೇರಿ ಕಡೆಯ ಒಕ್ಕಲುತನದ ಮನೆಯವರು. 'ಗೊಬ್ಬರ ಹಾಕಲಾರ್ದ ಯಾವ ಗಿಡ ಬರ್ತದ?' ಅನ್ನೋದು ಅವರ ಖಾಯಂ ಮಾತು. ತಂದ ಮಿಡ್ಯಿಮ್ ಸಸಿಗಳಲ್ಲಿ ಒಂದನ್ನ ಅವರು ತರಕಾರಿ ಪಾತಿಯ ಅಂಚಿಗೆ ನೆಟ್ಟು, ಕೋಳಿ ಗೊಬ್ಬರ ಕೊಟ್ಟಿದ್ರು. ಆ ಪಾತಿಗೆ ವರ್ಷ ವರ್ಷ ಸುಣ್ಣವೂ ಬೀಳ್ತಿತ್ತು. ಉಳಿದೆರಡನ್ನ ಅಕ್ಕ ಬೇಲಿ ಪಕ್ಕದ ಮರಳು ದಿಬ್ಬದಲ್ಲಿ ಏನೂ ಹಾಕದೆ ನೆಟ್ಟಿದ್ಲು. ನಾನು ನೋಡುವ ಹೊತ್ತಿಗೆ ಪಾತಿಯ ಗಿಡದ ಹೊಸ ಎಲೆಗಳು ನರ ಹಸಿರು, ನಡುವೆ ಹಳದಿ. ತುದಿ ಸುಟ್ಟಂತಾಗಿತ್ತು. ದಿಬ್ಬದ ಮೇಲಿನ ಎರಡೂ ಹಣ್ಣು ಬಿಟ್ಟಿದ್ವು.

ಎಳೆ ಎಲೆಯಲ್ಲಿ ನರದ ನಡುವೆ ಹಳದಿ ಅಂದ್ರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತೆ, ಆದ್ರೆ ಸುಣ್ಣದಿಂದ ರಸಸಾರ ಏರಿದಾಗ, ರಂಜಕ ಅತಿಯಾದಾಗ ಗಿಡಕ್ಕೆ ಅದು ದಕ್ಕಲ್ಲ. ಇದನ್ನ ನೋಡಿ ಹಸಿವು ಅಂದ್ಕೊಂಡು ಇನ್ನಷ್ಟು ಗೊಬ್ಬರ ಹಾಕಿದ್ರೆ ಮುಗೀತು. ಮಿಡ್ಯಿಮ್ ಬ್ಯಾಂಕ್ಸಿಯಾದಷ್ಟು ನಾಜೂಕಿನ ಗಿಡವಲ್ಲ, ಸ್ವಲ್ಪ ಹೆಚ್ಚು ಕಡಿಮೆ ತಡ್ಕೊಳ್ಳುತ್ತೆ. ಹಾಗಂತ ಕೋಳಿ ಗೊಬ್ಬರ, ಮೂಳೆ ಪುಡಿಯಂಥ ರಂಜಕ ಹೆಚ್ಚಿರುವ ಗೊಬ್ಬರದಿಂದ ಇದನ್ನ ದೂರ ಇಡೋದೇ ಕ್ಷೇಮ.

ಸಾವಯವ ಅಂದ್ರೆ ಬುಟ್ಟಿಗಟ್ಟಲೆ ಗೊಬ್ಬರ ಸುರಿಯೋದು ಅನ್ನೋ ಭಾವನೆ ನಮ್ಮಲ್ಲಿ ಬೇರೂರಿದೆ. ರಾಗಿಗೆ, ತರಕಾರಿಗೆ, ಬಾಳೆಗೆ ಅದು ಸರಿ. ನಾವು ಅವುಗಳಿಂದ ವರ್ಷ ವರ್ಷ ಫಸಲು ಹೊತ್ತೊಯ್ತೀವಿ, ತೆಗೆದಷ್ಟು ಮಣ್ಣಿಗೆ ವಾಪಸ್ ಕೊಡಲೇಬೇಕು. ಕುರುಚಲು ಬಯಲಿನ ಪೊದೆಯಿಂದ ನಾವು ತೆಗೆಯೋದು ಒಂದು ಬೊಗಸೆ ಹಣ್ಣು. ಅದರ ಸಾಲ ಅಷ್ಟೇ, ತೀರಿಸಬೇಕಾದ್ದೂ ಅಷ್ಟೇ.

ನೆಡುವ ಕ್ರಮ

ಕಾಲ: ಮಾರ್ಚ್‌ನಿಂದ ಮೇ, ಅಂದ್ರೆ ಅಲ್ಲಿನ ಶರತ್ಕಾಲ ಒಳ್ಳೇದು. ಬಿಸಿಲಿನ ಝಳ ಇಳಿದಿರುತ್ತೆ, ಮಣ್ಣು ಇನ್ನೂ ಬೆಚ್ಚಗಿರುತ್ತೆ, ಮುಂದಿನ ಬೇಸಿಗೆ ಹೊತ್ತಿಗೆ ಬೇರು ಊರಿರುತ್ತೆ. ಆಗ ತಪ್ಪಿದ್ರೆ ಸೆಪ್ಟೆಂಬರ್‌ನಲ್ಲಿ ನೆಡಿ.

ಜಾಗ: ಪೂರ್ತಿ ಬಿಸಿಲು ಅಥವಾ ಅರೆನೆರಳು. ನೆರಳಲ್ಲೂ ಗಿಡ ಬದುಕುತ್ತೆ, ಆದ್ರೆ ಹಣ್ಣು ಬೇಕು ಅಂದ್ರೆ ಬಿಸಿಲು ಬೇಕು. ಸಣ್ಣಪುಟ್ಟ ಇಬ್ಬನಿ ಮಂಜು ತಡೆಯುತ್ತೆ. ಕ್ಯಾನ್‌ಬೆರಾದಂಥ ಕೊರೆಯುವ ಚಳಿಯ ಊರಲ್ಲಿ ಕುಂಡದಲ್ಲಿಟ್ಟು, ಚಳಿಗಾಲಕ್ಕೆ ಗೋಡೆ ಮಗ್ಗುಲಿಗೆ ಸರಿಸಿ.

ಮಣ್ಣು: ನೀರು ನಿಲ್ಲಬಾರದು. ರಸಸಾರ 5ರಿಂದ 6.5ರ ಒಳಗಿದ್ರೆ ಚೆನ್ನ. ಜೇಡಿಮಣ್ಣಿನ ಹಿತ್ತಲಾದ್ರೆ ಗುಂಡಿ ತೋಡಿ ಅದರೊಳಗೆ ಮರಳು ತುಂಬಬೇಡಿ. ಜೇಡಿಯ ನಡುವೆ ಮರಳಿನ ಗುಂಡಿ ಅಂದ್ರೆ ಅದು ನೀರು ತುಂಬುವ ಬಾನಿ. ಅದರ ಬದಲು ನೆಲದ ಮೇಲೆ 20-30 ಸೆಂಟಿಮೀಟರ್ ಎತ್ತರದ ದಿಬ್ಬ ಮಾಡಿ, ಒರಟು ಮರಳು ಮತ್ತು ಪೈನ್ ತೊಗಟೆ ಚೂರು ಬೆರೆಸಿ, ಅದರ ಮೇಲೆ ನೆಡಿ.

ಗುಂಡಿ: ಕುಂಡದ ಎರಡರಷ್ಟು ಅಗಲ, ಕುಂಡದಷ್ಟೇ ಆಳ. ಗುಂಡಿಯೊಳಗೆ ಗೊಬ್ಬರ ಬೇಡ. ಸಸಿಯನ್ನ ಕುಂಡದಲ್ಲಿ ಇದ್ದ ಮಟ್ಟಕ್ಕೇ ಕೂರಿಸಿ, ಕಾಂಡ ಹೂತು ಹೋಗದಿರಲಿ. ನೆಲ ಮುಚ್ಚುವ ಹಾಸಿನ ಹಾಗೆ ಬೇಕಿದ್ರೆ ಸಸಿಯಿಂದ ಸಸಿಗೆ 60 ಸೆಂಟಿಮೀಟರ್, ಬಿಡಿ ಪೊದೆ ಬೇಕಿದ್ರೆ ಒಂದು ಮೀಟರ್ ಅಂತರ ಕೊಡಿ.

ಮುಚ್ಚಿಗೆ: ತೊಗಟೆ ಚೂರು, ಒಣ ಎಲೆ, ಸಣ್ಣ ಕಡ್ಡಿ. ಐದಾರು ಸೆಂಟಿಮೀಟರ್ ದಪ್ಪ ಸಾಕು. ಬುಡದಿಂದ ನಾಲ್ಕು ಬೆರಳು ದೂರ ಇರಲಿ.

ನೀರು: ಬಡ ಮಣ್ಣಿನ ಗಿಡ ಅಂದ್ರೆ ನೀರು ಬೇಡದ ಗಿಡ ಅಂತ ತಿಳೀಬೇಡಿ. ಅದರ ಊರು ಮಳೆ ಬೀಳುವ ಕರಾವಳಿ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬೇರಿಗೆ ಇಳಿಯುವಂತೆ ನೀರು ಕೊಡಿ. ಬೇರೂರಿದ ಮೇಲೆ ಒಂದಷ್ಟು ದಿನ ಒಣಗು ತಡೆಯುತ್ತೆ. ಆದ್ರೆ ಹೂ-ಕಾಯಿ ಹೊತ್ತಲ್ಲಿ ತೀರಾ ಒಣಗಿದ್ರೆ ಹಣ್ಣು ಸಣ್ಣದಾಗುತ್ತೆ.

ಗೊಬ್ಬರ: ಕೊಡಲೇಬೇಕು ಅನಿಸಿದ್ರೆ ವಸಂತದಲ್ಲಿ ಒಂದು ಸಲ, ಆಸ್ಟ್ರೇಲಿಯಾದ ಸ್ಥಳೀಯ ಗಿಡಗಳಿಗೆ ಅಂತಲೇ ಮಾರುವ ನಿಧಾನಗತಿಯ ಗೊಬ್ಬರ ಸ್ವಲ್ಪ. ರಂಜಕ ಶೇ. 2ಕ್ಕಿಂತ ಕಡಿಮೆ ಇರಲಿ. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ದೇಶದ ಚೀಲದ ಮೇಲೆ 17:17:17 ಅಂತಿದ್ರೆ ನಡುವಿನ 17 ರಂಜಕದ ಪೆಂಟಾಕ್ಸೈಡ್ ಲೆಕ್ಕ. ಅದನ್ನ 0.44ರಿಂದ ಗುಣಿಸಿದ್ರೆ ಸಿಗುವ ಸುಮಾರು 7.5 ನಿಜವಾದ ರಂಜಕ. ಆಸ್ಟ್ರೇಲಿಯಾದ ಚೀಲದ ಮೇಲೆ ನೇರವಾಗಿ ರಂಜಕವನ್ನೇ ಬರೀತಾರೆ. ಊರಿನ ಲೆಕ್ಕ ತಲೆಯಲ್ಲಿಟ್ಕೊಂಡು ಅಲ್ಲಿನ ಚೀಲ ಓದಿ, '7 ಅಂದ್ರೆ ಕಡಿಮೆನೇ' ಅಂತ ತಂದ್ರೆ ಎರಡು ಪಟ್ಟಿಗೂ ಮಿಕ್ಕಿ ಬೀಳುತ್ತೆ.

ಬಾಡಿಗೆ ಮನೆಯವರಿಗೆ: 30 ಸೆಂಟಿಮೀಟರ್ ಕುಂಡ ಸಾಕು. ಸ್ಥಳೀಯ ಗಿಡಗಳಿಗೆಂದೇ ಸಿಗುವ, ರಂಜಕ ಕಡಿಮೆ ಇರುವ ಕುಂಡದ ಮಿಶ್ರಣ ತನ್ನಿ. ಮನೆ ಬದಲಿಸಿದಾಗ ಗಿಡವೂ ಜೊತೆಗೆ ಬರುತ್ತೆ. ಆದ್ರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗೋದಾದ್ರೆ ಅಲ್ಲಿನ ಸಸ್ಯ ಸಾಗಾಟದ ನಿಯಮ ಮೊದಲು ನೋಡಿ. ಕಾರಣ ಮುಂದೆ ಹೇಳ್ತೀನಿ.

ನರ್ಸರಿಯಲ್ಲಿ ಕೊಳ್ಳುವಾಗ ಸಸ್ಯಶಾಸ್ತ್ರೀಯ ಹೆಸರು ಓದಿ. ಇದನ್ನ ಹತ್ತಿರದ ಇನ್ನೊಂದು ಜಾತಿಯ ಜೊತೆ ಕೂಡಿಸಿದ ಮಿಶ್ರತಳಿಯೂ ಸಿಗುತ್ತೆ. ಹಣ್ಣಿಗಾಗಿ ಬೆಳೆಸೋರು ಮೂಲ ಜಾತಿಯನ್ನೇ ಕೇಳಿ ತನ್ನಿ.

ಸಸಿ ಮಾಡ್ಕೊಳ್ಳೋದು: ಪೂರ್ತಿ ಹಣ್ಣಾದ ಕಾಯಿಯ ಬೀಜ ತೊಳೆದು, ಒಣಗಿಸಿಡದೆ ತಾಜಾ ಇರುವಾಗಲೇ ಬಿತ್ತಿ. ಮೊಳೆಯೋಕೆ ವಾರಗಟ್ಟಲೆ ಬೇಕು. ಅರೆ ಬಲಿತ ಕಡ್ಡಿಯಿಂದಲೂ ಆಗುತ್ತೆ, ಅದೂ ನಿಧಾನ. ತಾಳ್ಮೆ ಇಲ್ಲದವರು ಸಸಿ ಕೊಳ್ಳೋದೇ ವಾಸಿ.

ಹೂವು, ಹಣ್ಣು, ಹಕ್ಕಿ

ಅಲ್ಲಿನ ವಸಂತ-ಬೇಸಿಗೆಯಲ್ಲಿ ಹೂವು, ಬೇಸಿಗೆಯ ನಡುವಿನಿಂದ ಶರತ್ಕಾಲದವರೆಗೆ ಹಣ್ಣು. ಎಲ್ಲ ಒಟ್ಟಿಗೆ ಹಣ್ಣಾಗಲ್ಲ, ದಿನಕ್ಕಿಷ್ಟು ಅಂತ ಸಿಗುತ್ತೆ. ಹಣ್ಣು ಬೆರಳಿಗೆ ಮೆತ್ತಗಾಗಬೇಕು, ಮುಟ್ಟಿದ್ರೆ ಕೈಗೆ ಬರಬೇಕು. ಎಳೆದು ಕೀಳುವಂತಿದ್ರೆ ಇನ್ನೆರಡು ದಿನ ಬಿಡಿ. ಹಣ್ಣಿನ ಕಾಲ ಮುಗಿದ ಮೇಲೆ ತುದಿಗಳನ್ನ ಹಗುರವಾಗಿ ಸವರಿದ್ರೆ ಪೊದೆ ದಟ್ಟವಾಗುತ್ತೆ.

ಮಕ್ಕಳಿರುವ ಮನೆಗೆ ಇದರಷ್ಟು ಒಳ್ಳೆ ಗಿಡ ಕಡಿಮೆ. ಮುಳ್ಳಿಲ್ಲ, ಏಣಿ ಬೇಡ, ಹಣ್ಣು ಅವರ ಎತ್ತರದಲ್ಲೇ ಇರುತ್ತೆ. ಒಂದೇ ಒಂದು ಎಚ್ಚರಿಕೆ: ಹಿತ್ತಲ ಮಿಡ್ಯಿಮ್ ತಿಂದ ರೂಢಿಯಲ್ಲಿ ಕಾಡಲ್ಲಿ ಕಂಡ ಬಿಳಿ ಹಣ್ಣೆಲ್ಲ ಬಾಯಿಗೆ ಹಾಕದಂತೆ ಹೇಳಿಕೊಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ, ಬೀಜ ಕೀಳುವ ಹಾಗೂ ಇಲ್ಲ.

ಹಕ್ಕಿಗಳಿಗೂ ಈ ಹಣ್ಣು ಇಷ್ಟ. ಬಲೆ ಹಾಕೋದಾದ್ರೆ ಸಣ್ಣ ಕಣ್ಣಿನದು ಹಾಕಿ, ದೊಡ್ಡ ಕಣ್ಣಿನ ಬಲೆಗೆ ಹಕ್ಕಿ, ಬಾವಲಿ ಸಿಕ್ಕಿ ಸಾಯ್ತವೆ. ವಿಕ್ಟೋರಿಯಾ ರಾಜ್ಯದಲ್ಲಂತೂ 2021ರ ಸೆಪ್ಟೆಂಬರ್‌ನಿಂದ ಮನೆ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು ಪೂರ್ತಿ ಎಳೆದಾಗ 5 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು ಅಂತ ಕಾನೂನೇ ಇದೆ.

ಅಡಿಲೇಡ್, ಮೆಲ್ಬರ್ನ್‌ನವರಿಗೆ

ಅಲ್ಲಿನ ಒಣ ಬೇಸಿಗೆ, ಸುಣ್ಣದ ನೆಲಕ್ಕೆ ಮಿಡ್ಯಿಮ್‌ಗಿಂತ ಮಂಟ್ರೀಸ್ ಹೊಂದುತ್ತೆ. ಸಸ್ಯಶಾಸ್ತ್ರೀಯ ಹೆಸರು ಕುಂಜಿಯಾ ಪೊಮಿಫೆರಾ, ಅದೂ ಮಿರ್ಟೇಸಿಯೇ. ಪೊಮಿಫೆರಾ ಅಂದ್ರೆ ಸೇಬು ಬಿಡುವುದು. ದಕ್ಷಿಣ ಆಸ್ಟ್ರೇಲಿಯಾದ ಆಗ್ನೇಯ ಕರಾವಳಿ ಮತ್ತು ವಿಕ್ಟೋರಿಯಾದ ಪಶ್ಚಿಮ ಭಾಗದ ಮರಳಿನಲ್ಲಿ ನೆಲಕ್ಕಂಟಿ ಹಬ್ಬುವ ಪೊದೆ. ಒಂದು ಸೆಂಟಿಮೀಟರ್ ಆಸುಪಾಸಿನ ಕೆಂಪು-ಹಸಿರು ಹಣ್ಣು, ಮಸಾಲೆ ಬೆರೆತ ಸೇಬಿನ ರುಚಿ. ಅಲ್ಲಿನ ಙರಿಂಜೆರಿ ಜನ ಇದನ್ನ ಒಣಗಿಸಿ ಇಟ್ಕೊಂಡು ತಿಂತಿದ್ರು, ಬೇರೆಯವರ ಜೊತೆ ವಿನಿಮಯವನ್ನೂ ಮಾಡ್ತಿದ್ರು. ಕಡಲೆತ್ತರದ ತಂತಿ ಚಪ್ಪರ ಬೇಡ, ಸೊಂಟದೆತ್ತರದ ಜಾಲರಿಗೆ ಹಬ್ಬಿಸಿದ್ರೆ ಹಣ್ಣು ಬಿಡಿಸೋದು ಸುಲಭ.

ತುಕ್ಕು ರೋಗ: ಇದನ್ನ ಮಾತ್ರ ಹಗುರವಾಗಿ ತಗೋಬೇಡಿ

ಮಿಡ್ಯಿಮ್‌ಗೆ ಕೀಟದ ಕಾಟ ಕಡಿಮೆ. ನಿಜವಾದ ಶತ್ರು ಮಿರ್ಟಲ್ ತುಕ್ಕು ರೋಗ. ಎಳೆ ಚಿಗುರು, ಹೂಮೊಗ್ಗು, ಕಾಯಿ ಮೇಲೆ ಅರಿಶಿನ ಉದುರಿಸಿದ ಹಾಗೆ ಹಳದಿ ಪುಡಿ ಕಾಣುತ್ತೆ. ಆಮೇಲೆ ಚಿಗುರು ಸೊಟ್ಟಗಾಗಿ ಒಣಗುತ್ತೆ. ಬಲಿತ ಎಲೆಗೆ ಹತ್ತಲ್ಲ. ಮೂಲ ದಕ್ಷಿಣ ಅಮೆರಿಕ. 1884ರಲ್ಲಿ ಇದನ್ನ ಮೊದಲು ಗುರುತಿಸಿ ವಿವರಿಸಿದ್ದು ಬ್ರೆಜಿಲ್‌ನಲ್ಲಿ, ಸೀಬೆ ಗಿಡದ ಮೇಲೆ.

ಆಸ್ಟ್ರೇಲಿಯಾದಲ್ಲಿ ಇದು ಪತ್ತೆಯಾಗಿದ್ದು 2010ರ ಏಪ್ರಿಲ್‌ನಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ. ಕೆಲವೇ ವರ್ಷಗಳಲ್ಲಿ ಪೂರ್ವ ಕರಾವಳಿಯುದ್ದಕ್ಕೂ ಹಬ್ಬಿತು. ಒಂದು ಕಾಲಕ್ಕೆ ಕಾಡಂಚಲ್ಲಿ ಸಾಮಾನ್ಯವಾಗಿದ್ದ, ಅಲ್ಲಿನವರು 'ನಮ್ಮ ಸೀಬೆ' ಅನ್ನುವ ರೋಡೊಮಿರ್ಟಸ್ ಸಿಡಿಯಾಯ್ಡಿಸ್ ಇವತ್ತು ಅಳಿವಿನ ತುತ್ತತುದಿಯಲ್ಲಿದೆ. ಹವಾಯಿಗೆ 2005ರಲ್ಲಿ ಬಂದಾಗ ಅಲ್ಲಿನ ಪನ್ನೇರಳೆ ಮರಗಳು ತೋಪು ತೋಪಾಗಿ ಒಣಗಿದವು.

ಹಿತ್ತಲಲ್ಲಿ ಮಾಡಬೇಕಾದ್ದು: ಗಿಡಗಳ ನಡುವೆ ಗಾಳಿ ಆಡಲಿ. ಸಂಜೆ ಹೊತ್ತು ಎಲೆ ಮೇಲೆ ನೀರು ಚಿಮುಕಿಸಬೇಡಿ, ರಾತ್ರಿಯಿಡೀ ಒದ್ದೆ ಎಲೆ ಮತ್ತು ತಂಪು ಹವೆ ಈ ರೋಗಕ್ಕೆ ಹಬ್ಬ. ಒಟ್ಟಿಗೆ ಜೋರು ಚಿಗುರು ಹೊರಡಿಸುವ ಸಾರಜನಕ ಗೊಬ್ಬರ ಬೇಡ, ಮೊದಲೇ ಹೇಳಿದ ಕಡಿಮೆ ಗೊಬ್ಬರದ ಮಾತು ಇಲ್ಲೂ ಅನ್ವಯ. ಹಳದಿ ಪುಡಿ ಕಂಡ್ರೆ ಆ ತುದಿಯನ್ನ ಅಲುಗಾಡಿಸದೆ ಕವರಿನೊಳಗೆ ಹಾಕಿಯೇ ಕತ್ತರಿಸಿ, ಕಟ್ಟಿ ಬಿಸಿಲಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ಕತ್ತರಿ, ಕೈ ತೊಳೀರಿ, ಬಟ್ಟೆ ಬದಲಿಸಿ. ರೋಗ ಇನ್ನೂ ಹರಡದ ಪ್ರದೇಶದಲ್ಲಿದ್ರೆ ಅಲ್ಲಿನ ಜೈವಿಕ ಸುರಕ್ಷತಾ ಇಲಾಖೆಗೆ ತಿಳಿಸಿ.

ಊರಿಗೆ ತರಬೇಡಿ, ದಯವಿಟ್ಟು

'ಮುಂದಿನ ಸಲ ಬರುವಾಗ ನಾಲ್ಕು ಬೀಜ ತರ್ತೀನಿ, ನೀವು ಸಸಿ ಮಾಡಿ ಎಲ್ರಿಗೂ ಹಂಚಿ' ಅಂತ ಪ್ರೀತಿಯಿಂದ ಕೇಳಿದವರಿದ್ದಾರೆ. ಅವರಿಗೆ ನನ್ನ ಉತ್ತರ: ಬೇಡ.

ಭಾರತಕ್ಕೆ ಗಿಡ, ಬೀಜ ತರೋದಕ್ಕೆ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ, ಜೊತೆಗೆ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸಂಶೋಧನೆಗೆ ತರಿಸುವವರಿಗೆ ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ಮೂಲಕ ದಾರಿ ಇದೆ. ಸೂಟ್‌ಕೇಸಿನಲ್ಲಿ ಪೊಟ್ಟಣ ಕಟ್ಟಿ ತರೋದು ಇದ್ಯಾವುದೂ ಅಲ್ಲ.

ಕಾನೂನಿಗಿಂತ ದೊಡ್ಡ ಕಾರಣ ತುಕ್ಕಿನ ಆ ಹಳದಿ ಪುಡಿ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ಗಿಡದ ಮೇಲೆ, ಬಟ್ಟೆ ಮೇಲೆ, ಚೀಲದ ಮೇಲೆ ಕೂತು ಪ್ರಯಾಣ ಮಾಡುತ್ತೆ. ಅದಕ್ಕೆ ರುಚಿಸುವ ಕುಟುಂಬ ಯಾವುದು ನೆನಪಿದೆಯಲ್ಲ? ನೇರಳೆ, ಸೀಬೆ, ಪನ್ನೇರಳೆ. ಯಾರೋ ಹೊಸ ರುಚಿಗಾಗಿ ತಂದ ಒಂದು ಕಡ್ಡಿ ಸೀಬೆ ಬೆಳೆದು ಬದುಕುವವರ ತೋಟಕ್ಕೆ ಕುತ್ತಾಗಬಾರದು. ಅಂದಕ್ಕೆ ಅಂತ ತಂದ ಲಂಟಾನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಲ್ಲಿ ಏನು ಮಾಡಿದೆ ಅಂತ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ನಮ್ಮ ಕುಂಟು ನೇರಳೆ

ಕರ್ನಾಟಕದ ಓದುಗರು ಬೇಸರ ಮಾಡ್ಕೋಬೇಡಿ. ಮಿಡ್ಯಿಮ್‌ನ ಸ್ವಭಾವದ ಗಿಡ ನಮ್ಮಲ್ಲೇ ಇದೆ. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ, ಪದವುಗಳಲ್ಲಿ ಬೆಳೆಯುವ ಕುಂಟು ನೇರಳೆ. ಅದೂ ಮಿರ್ಟೇಸಿ, ಅದಕ್ಕೂ ತೆಳು ಮಣ್ಣು, ಸುಡು ಬಿಸಿಲು, ಜಡಿ ಮಳೆ ಎಲ್ಲ ಅಭ್ಯಾಸ. ಶಾಲೆಯಿಂದ ಬರುತ್ತಾ ಅದನ್ನ ತಿಂದು ನಾಲಿಗೆ ನೇರಳೆ ಮಾಡ್ಕೊಂಡವರು ನಿಮ್ಮಲ್ಲೂ ಇರಬಹುದು. ಈಗ ಆ ಗುಡ್ಡಗಳಲ್ಲಿ ಕಲ್ಲಿನ ಕೋರೆ, ನಿವೇಶನ, ರಬ್ಬರ್ ತೋಟ. ಕ್ವೀನ್ಸ್‌ಲ್ಯಾಂಡ್‌ನ ವಾಲಮ್ ಕೂಡ ಹೀಗೇ ಬಡಾವಣೆಗಳಿಗೆ, ಪೈನ್ ನೆಡುತೋಪುಗಳಿಗೆ ಜಾಗ ಬಿಟ್ಟುಕೊಡ್ತಾ ಬಂದಿದೆ. ಪಾಳು ನೆಲ ಅಂತ ಹೆಸರಿಟ್ಟ ಮೇಲೆ ಅದನ್ನ ಉಳಿಸ್ಬೇಕು ಅಂತ ಯಾರಿಗೂ ಅನಿಸಲ್ಲ, ಎರಡೂ ಕಡೆ ಅದೇ ಕಥೆ.

ಹಾಗಾಗಿ ಈ ವಾರದ ಕೆಲಸ ಇಷ್ಟು. ಆಸ್ಟ್ರೇಲಿಯಾದವರು ಒಳ್ಳೆ ನರ್ಸರಿಯಿಂದ ಚಿಗುರು ನೋಡಿ, ಹಳದಿ ಪುಡಿ ಇಲ್ಲದ ಒಂದೆರಡು ಮಿಡ್ಯಿಮ್ ಸಸಿ ತನ್ನಿ. ಕರಾವಳಿ, ಮಲೆನಾಡಿನವರು ಬೇಸಿಗೆ ಕೊನೆಗೆ ಕುಂಟು ನೇರಳೆ ಹಣ್ಣು ಸಿಕ್ಕಾಗ ಬೀಜ ಎಸೀಬೇಡಿ. ಒಣಗಿದ್ರೆ ಅದು ಮೊಳೆಯಲ್ಲ, ತೊಳೆದು ಎರಡು ಮೂರು ದಿನದೊಳಗೆ ಬಿತ್ತಿ. ಮೊದಲ ಮಳೆಗಾಲ ಮಡಿಯಲ್ಲಿ ಕಳೀಲಿ, ಮುಂದಿನ ಮಳೆಗೆ ಗುಡ್ಡದ ಬದುವಿಗೆ ನೆಡಿ. ಗುಂಡಿಗೆ ಏನು ಹಾಕ್ಬೇಕು ಅಂತ ಈಗ ಕೇಳಲ್ಲ ಅಂದ್ಕೊಂಡಿದ್ದೀನಿ.